ಒಂದೇ ಕೋಶದೊಳಗೆ ದಾಯಾದಿಗಳು

ವೈರಸ್ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಬರೆದ ಚಿತ್ರ ಒಂದೇ. ದುಂಡನೆಯ ಕೋಶ, ಅದರ ಪೊರೆಗೆ ಅಂಟಿದ ಒಂದು ವೈರಸ್, ಒಳಗೆ ಹೋಗುವ ಬಾಣದ ಗುರುತು, ಕೊನೆಗೆ ಹೊರಗೆ ಬರುವ ಮರಿ ವೈರಸ್‌ಗಳು. ಒಂದು ರೋಗ, ಒಂದು ವೈರಸ್, ಒಂದು ಕೋಶ. ಪರೀಕ್ಷೆಗೆ ಇಷ್ಟು ಸಾಕು. ಬಂದು ಹೋಗುವ ನೆಗಡಿ ಕೆಮ್ಮಿಗೂ ಬಹುಮಟ್ಟಿಗೆ ಸಾಕು. ಹರ್ಪಿಸ್ ಕುಟುಂಬಕ್ಕೆ ಮಾತ್ರ ಸಾಲದು. ಇವು ಬಂದು ಹೋಗುವ ಪೈಕಿ ಅಲ್ಲ. ಒಮ್ಮೆ ಮೈ ಹೊಕ್ಕರೆ ನಾವು ಸಾಯುವವರೆಗೂ ಇಲ್ಲೇ ಇರುತ್ತವೆ.

ಮನುಷ್ಯರನ್ನು ಹಿಡಿಯುವ ಹರ್ಪಿಸ್ ವೈರಸ್‌ಗಳು ಒಂಬತ್ತು. ಜ್ವರ ಬಂದು ಬಿಟ್ಟಾಗ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುತ್ತದಲ್ಲ, ಅದು ಎಚ್‌ಎಸ್‌ವಿ-1. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದಿದೆ. ಅಂದರೆ ನೂರಕ್ಕೆ 64 ಮಂದಿ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ತಂದು, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಮತ್ತೆ ಏಳುವುದು ವ್ಯಾರಿಸೆಲ್ಲಾ ಜೋಸ್ಟರ್. ಎಪ್‌ಸ್ಟೀನ್-ಬಾರ್ ಅನ್ನುವ ಇನ್ನೊಂದು, ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಜನರ ಬಿಳಿ ರಕ್ತಕಣಗಳಲ್ಲಿ ಸುಮ್ನೆ ಮಲಗಿರುತ್ತದೆ. ಲೆಕ್ಕ ಹಾಕಿ ನೋಡಿ. ಇದನ್ನು ಓದುತ್ತಿರುವ ನಿಮ್ಮೊಳಗೂ ಬಹುಶಃ ಎರಡು ಮೂರು ಇದ್ದಾವು. ನನ್ನೊಳಗೂ.

ಇದ್ದರೆ ಇರಲಿ, ಬೇರೆ ಬೇರೆ ಜಾಗದಲ್ಲಿ ಇರುತ್ತವೆ ಅಲ್ವಾ ಅಂತ ಕೇಳಬಹುದು. ಯಾವಾಗಲೂ ಹಾಗಲ್ಲ. ತಲೆಬುರುಡೆಯ ಬುಡದಲ್ಲಿ, ಎರಡೂ ಪಕ್ಕಕ್ಕೆ ಒಂದೊಂದು, ಮುಖದ ಸ್ಪರ್ಶದ ನರಗಳು ಬಂದು ಸೇರುವ ಗಂಟಿದೆ. ಟ್ರೈಜೆಮಿನಲ್ ಗ್ಯಾಂಗ್ಲಿಯನ್ ಅನ್ನುತ್ತಾರೆ. ಎಚ್‌ಎಸ್‌ವಿ-1 ಅಡಗಿ ಕೂರುವುದು ಇಲ್ಲೇ, ವ್ಯಾರಿಸೆಲ್ಲಾ ಕೂಡ ಇಲ್ಲೇ. ಸತ್ತವರ ದೇಹದಿಂದ ತೆಗೆದ ಇಂಥ ಗಂಟುಗಳ ನರಕೋಶಗಳನ್ನು ಒಂದೊಂದಾಗಿ ನೋಡಿದ ಅಧ್ಯಯನವೊಂದು 2003ರಲ್ಲಿ ಬಂತು. ಕೆಲವು ನರಕೋಶಗಳಲ್ಲಿ ಎರಡೂ ವೈರಸ್‌ಗಳು ಒಟ್ಟಿಗೆ ಸಿಕ್ಕಿದ್ದವು.

ಹೀಗೆ ಎದುರಾದಾಗ ಇವು ಏನು ಮಾಡುತ್ತವೆ? ಹಳ್ಳಿ ಕಡೆಯವರಿಗೆ ದಾಯಾದಿಗಳ ಸಂಬಂಧ ಬಿಡಿಸಿ ಹೇಳಬೇಕಿಲ್ಲ. ಅಜ್ಜನ ಆಸ್ತಿ ಒಂದೇ, ಬದುವಿನ ಮೇಲೆ ಜಗಳ, ಕೋರ್ಟಿನಲ್ಲಿ ಕೇಸು, ಆದರೂ ಮದುವೆ ಮನೆಯಲ್ಲಿ ಒಂದೇ ಪಂಕ್ತಿ. ಹರ್ಪಿಸ್‌ಗಳದ್ದೂ ಹೆಚ್ಚುಕಡಿಮೆ ಹಾಗೇ. ರಕ್ತಸಂಬಂಧ ಎಷ್ಟು ಹತ್ತಿರ, ಯಾರು ಮೊದಲು ಬಂದರು, ಇವೆರಡರ ಮೇಲೆ ಎಲ್ಲ ನಿಂತಿದೆ.

ನಾನು ಕೆಲವು ವರ್ಷ ಒಂದು ಲ್ಯಾಬಿನಲ್ಲಿ ಕೋಶ ಬೆಳೆಸುವ ಕೆಲಸ ಮಾಡಿದ್ದೆ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಕೋಶಗಳನ್ನು ಹರಡಿ, ಅದರ ಮೇಲೆ ವೈರಸ್ ಹಾಕಿ, ಎರಡು ಮೂರು ದಿನ ಇನ್‌ಕ್ಯುಬೇಟರಿನಲ್ಲಿ ಇಡುವುದು. ಸೋಂಕು ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹಬ್ಬುತ್ತಾ ದುಂಡನೆಯ ಮಚ್ಚೆಯಾಗುತ್ತದೆ. ಇದಕ್ಕೆ ಪ್ಲಾಕ್ ಅನ್ನುತ್ತಾರೆ. ಒಂದೇ ವೈರಸ್‌ನ ಎರಡು ಬಗೆ ಇರುತ್ತಿದ್ದವು. ಒಂದು ಸೂಕ್ಷ್ಮದರ್ಶಕದ ಕೆಳಗೆ ಕೆಂಪಗೆ ಹೊಳೆಯುವುದು, ಇನ್ನೊಂದು ಹಸಿರು. ಅಕ್ಕಪಕ್ಕದ ಕೆಂಪು ಮಚ್ಚೆ ಹಸಿರು ಮಚ್ಚೆ ಎರಡೂ ಬೆಳೆದು ಒಂದಕ್ಕೊಂದು ತಾಗಿದಾಗ ಬಣ್ಣ ಕಲಸಿ ಹೋಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಕೆಂಪು ಕೆಂಪಾಗೇ ಉಳಿಯುತ್ತದೆ, ಹಸಿರು ಹಸಿರಾಗೇ. ತಾಗಿದ ಗಡಿಯಲ್ಲಿ ಮಾತ್ರ ಒಂದು ಸಣ್ಣ ಹಳದಿ ಎಳೆ. ಎರಡೂ ಒಳಗೆ ಹೋಗಿರುವ ಕೋಶಗಳು ಅಷ್ಟೇ. ಒಂದು ವೈರಸ್ ಹಿಡಿದ ಕೋಶಕ್ಕೆ ಇನ್ನೊಂದು ಹೋಗಲು ಆಗುತ್ತಿಲ್ಲ ಅನ್ನುವುದು ಕಣ್ಣಿಗೇ ಕಾಣುತ್ತಿತ್ತು.

ಇದಕ್ಕೆ ಕಾರಣ ಹುಡುಕಿದವರಿಗೆ ಮೊದಲು ಸಿಕ್ಕಿದ್ದು ಜಿಡಿ ಅನ್ನುವ ಪ್ರೊಟೀನ್. ವೈರಸ್‌ನ ಹೊರಮೈಯಲ್ಲಿ ಇದಿರುತ್ತದೆ. ಕೋಶದ ಮೇಲಿನ ನೆಕ್ಟಿನ್-1ನಂಥ ಪ್ರೊಟೀನನ್ನು ಇದು ಹಿಡಿದುಕೊಂಡರೆ ವೈರಸ್ ಒಳಗೆ ಹೋಗಬಹುದು. ಸೋಂಕು ತಗುಲಿದ ಕೋಶ ತಾನೇ ರಾಶಿ ರಾಶಿ ಜಿಡಿ ತಯಾರಿಸುತ್ತದೆ. ಅದು ಅದೇ ಕೋಶದ ನೆಕ್ಟಿನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಬಂದ ವೈರಸ್‌ಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ವೈರಸ್ಸೇ ಇಲ್ಲದೆ ಬರೀ ಜಿಡಿ ತಯಾರಿಸುವ ಕೋಶಗಳನ್ನು ಮಾಡಿ ನೋಡಿದಾಗಲೂ ಅವು ಎಚ್‌ಎಸ್‌ವಿಗೆ ಬಗ್ಗಲಿಲ್ಲ ಅಂತ 1980ರ ದಶಕದ ಕೊನೆಗೇ ಗೊತ್ತಾಗಿತ್ತು. ಕಥೆ ಮುಗಿಯಿತು ಅಂದುಕೊಂಡಿದ್ದರು. ಆದರೆ 2016ರಲ್ಲಿ ಬಂದ ಇನ್ನೊಂದು ಅಧ್ಯಯನ, ಜಿಡಿ ಇಲ್ಲದಿದ್ದರೂ ಮೊದಲು ಬಂದ ವೈರಸ್ ಎರಡನೆಯದನ್ನು ತಡೆಯುತ್ತದೆ ಅಂತ ತೋರಿಸಿತು. ಅಂದರೆ ತಡೆ ಒಂದಲ್ಲ, ಜಾಸ್ತಿ ಇವೆ. ಮೊದಲಿನದು ಬಂದು ಕೆಲವೇ ಗಂಟೆಯೊಳಗೆ ಅವೆಲ್ಲ ಜಾರಿಗೆ ಬರುತ್ತವೆ. ಹಾಗಾಗಿ ಇಬ್ಬರೂ ಒಂದೇ ಕೋಶ ಸೇರಬೇಕೆಂದರೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರಬೇಕು.

ಒಟ್ಟಿಗೆ ಬಂದರೂ ಎಲ್ಲರಿಗೂ ಜಾಗ ಸಿಗುವುದಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲಿನ್ ಎನ್‌ಕ್ವಿಸ್ಟ್, ಓರೆನ್ ಕೊಬಿಲರ್ ಮತ್ತು ಜೊತೆಯವರು 2010ರಲ್ಲಿ ಪ್ರಕಟಿಸಿದ ಕೆಲಸ ನನಗೆ ಇವತ್ತಿಗೂ ಇಷ್ಟ. ಹಂದಿಗಳ ಹರ್ಪಿಸ್ ವೈರಸ್ ಒಂದನ್ನು ತೆಗೆದುಕೊಂಡರು. ಅದರ ಡಿಎನ್‌ಎಯಲ್ಲಿ ಮೂರು ಬಣ್ಣದ ಜೀನ್‌ಗಳನ್ನು ಸಾಲಾಗಿ ಇಟ್ಟರು. ಇಲಿಯ ಮಿದುಳಿನ ನರಕೋಶಗಳಿಗೆ ಬಗೆಬಗೆಯ ಬಣ್ಣ ಬರಿಸಲು ಬೇರೆಯವರು ಮಾಡಿಕೊಂಡಿದ್ದ ಉಪಾಯ ಇದು. ಕೋಶದೊಳಗೆ ಹೋದ ಪ್ರತಿ ವೈರಸ್ ಡಿಎನ್‌ಎಯೂ ಲಾಟರಿ ಎತ್ತಿದಂತೆ ಯಾವುದೋ ಒಂದು ಬಣ್ಣಕ್ಕೆ ನಿಲ್ಲುತ್ತದೆ. ಆಮೇಲೆ ಒಂದೊಂದು ಕೋಶದಲ್ಲಿ ಎಷ್ಟು ಬಣ್ಣ ಕಾಣುತ್ತವೆ ಅಂತ ಎಣಿಸಿ, ಒಳಗೆ ನಿಜವಾಗಿ ಕೆಲಸ ಮಾಡಿದ ಡಿಎನ್‌ಎ ಎಷ್ಟಿರಬೇಕು ಅಂತ ಲೆಕ್ಕ ಹಾಕಿದರು. ಆ ಲೆಕ್ಕಕ್ಕೆ ಕೈ ಜೋಡಿಸಿದವರಲ್ಲಿ ಗಣಿತಜ್ಞೆ ಇಂಗ್ರಿಡ್ ಡಾಬೆಚಿ ಇದ್ದರು. ಉತ್ತರ: ಏಳಕ್ಕಿಂತ ಕಡಿಮೆ. ಎಷ್ಟೇ ವೈರಸ್ ಸುರಿದರೂ ಒಂದು ಕೋಶದಲ್ಲಿ ಕೆಲಸ ಶುರು ಮಾಡುವುದು ಬೆರಳೆಣಿಕೆಯಷ್ಟು ಮಾತ್ರ.

ಆ ಕೆಲವು ಕೂಡ ತಕ್ಷಣ ಬೆರೆಯುವುದಿಲ್ಲ. ನ್ಯೂಕ್ಲಿಯಸ್ಸಿನೊಳಗೆ ಪ್ರತಿಯೊಂದೂ ತನ್ನದೇ ಒಂದು ಪುಟ್ಟ ಜಾಗ ಮಾಡಿಕೊಂಡು ಅಲ್ಲೇ ತನ್ನ ನಕಲು ತೆಗೆಯುತ್ತಾ ಕೂರುತ್ತದೆ. ನಕಲು ಜಾಸ್ತಿಯಾದ ಹಾಗೆ ಜಾಗ ಹಿಗ್ಗುತ್ತದೆ. ಕೊನೆಗೆ ಪಕ್ಕದ್ದಕ್ಕೆ ತಾಗುತ್ತದೆ. ತಾಗಿ ಒಂದಾದ ಆ ಜಾಗದಲ್ಲೇ ಡಿಎನ್‌ಎ ತುಂಡುಗಳು ಅದಲು ಬದಲಾಗುವ ಅವಕಾಶ. ಕೊಬಿಲರ್ ಮುಂದೆ ಟೆಲ್ ಅವೀವ್‌ನಲ್ಲಿ ತಮ್ಮದೇ ಲ್ಯಾಬ್ ಕಟ್ಟಿ ಇದನ್ನೇ ಬೆನ್ನು ಹತ್ತಿದರು. ಇಲ್ಲೊಂದು ಮಾತು ಸೇರಿಸಬೇಕು. ಹರ್ಪಿಸ್‌ಗಳಲ್ಲಿ ಈ ಅದಲು ಬದಲು ಅಪರೂಪಕ್ಕೆ ಆಗುವ ಎಡವಟ್ಟಲ್ಲ. ನಕಲು ತೆಗೆಯುವ ಕೆಲಸದಲ್ಲೇ ಅದು ಹೆಣೆದುಕೊಂಡಿದೆ. ಮುರಿದ ಎಳೆಯನ್ನು ಹೋಲುವ ಇನ್ನೊಂದು ಎಳೆಗೆ ಜೋಡಿಸುವ ಪ್ರೊಟೀನ್‌ಗಳನ್ನು ಎಚ್‌ಎಸ್‌ವಿ ತಾನೇ ತಂದುಕೊಂಡಿರುತ್ತದೆ. ಎಳೆಗಳು ಹೋಲಬೇಕು, ಅಷ್ಟೇ ಷರತ್ತು. ಹತ್ತಿರದ ನೆಂಟರಾದರೆ ಹೋಲುತ್ತವೆ.

ಒಳಗೆ ಬಿಟ್ಟುಕೊಳ್ಳದೆ ಜಾಸ್ತಿ ಹಟ ಮಾಡುವುದು ಹತ್ತಿರದವರ ಜೊತೆ. ಹೇಗೋ ಒಳಗೆ ಬಂದುಬಿಟ್ಟರೆ ಜಾಸ್ತಿ ಬೆರೆಯುವುದೂ ಅವರ ಜೊತೆಯೇ.

ಇದರ ಪರಿಣಾಮ ಏನು ಅಂತ 1986ರಲ್ಲೇ ಒಂದು ಪ್ರಯೋಗ ತೋರಿಸಿತ್ತು. ಕ್ಯಾಲಿಫೋರ್ನಿಯಾದಲ್ಲಿ ಜ್ಯಾಕ್ ಸ್ಟೀವನ್ಸ್ ತಂಡ ಎಚ್‌ಎಸ್‌ವಿ-1ರ ಎರಡು ಸಾಧು ತಳಿಗಳನ್ನು ತೆಗೆದುಕೊಂಡಿತು. ಇಲಿಯ ಪಾದಕ್ಕೆ ಒಂದೊಂದಾಗಿ ಚುಚ್ಚಿದರೆ ಎರಡೂ ಕೊಲ್ಲುವುದಿಲ್ಲ. ಬೆರೆಸಿ ಚುಚ್ಚಿದಾಗ ಇಲಿಗಳು ಸತ್ತವು. ಸತ್ತ ಇಲಿಗಳ ಮಿದುಳಿನಿಂದ ತೆಗೆದ ವೈರಸ್‌ಗಳಲ್ಲಿ ಹೆಚ್ಚಿನವು ಬೆರಕೆ. ಅವುಗಳಲ್ಲಿ ಕೆಲವು ಒಂಟಿಯಾಗಿಯೇ ಕೊಲ್ಲುವಷ್ಟು ಜೋರಾಗಿದ್ದವು. ಲೆಕ್ಕ ಸರಳ. ಒಂದು ತಳಿಗೆ ಇಲ್ಲಿ ಕೊರತೆ, ಇನ್ನೊಂದಕ್ಕೆ ಅಲ್ಲಿ. ಇದರ ಒಳ್ಳೆಯ ತುಂಡು, ಅದರ ಒಳ್ಳೆಯ ತುಂಡು ಕೂಡಿದರೆ ಕೊರತೆಯೇ ಇಲ್ಲದ ಮೂರನೆಯದು. 'ಒಳ್ಳೆಯ' ಅನ್ನುವುದು ವೈರಸ್ ಲೆಕ್ಕದಲ್ಲಿ, ಇಲಿಯ ಲೆಕ್ಕದಲ್ಲಲ್ಲ.

ಇಪ್ಪತ್ತು ವರ್ಷ ಬಿಟ್ಟು ಆಸ್ಟ್ರೇಲಿಯಾದ ಕೋಳಿ ಫಾರ್ಮುಗಳಲ್ಲಿ ಇದೇ ನಡೆಯಿತು.

ಕೋಳಿಗಳಿಗೆ ಐಎಲ್‌ಟಿ ಅಂತ ಒಂದು ರೋಗವಿದೆ. ಅದೂ ಹರ್ಪಿಸ್ ವೈರಸ್‌ನಿಂದಲೇ. ಗಂಟಲು, ಶ್ವಾಸನಾಳ ಹಿಡಿಯುತ್ತದೆ. ಕೋಳಿ ಕತ್ತು ಮೇಲಕ್ಕೆ ಚಾಚಿ, ಬಾಯಿ ತೆರೆದು, ಉಸಿರಿಗಾಗಿ ಒದ್ದಾಡುತ್ತದೆ. ಕೆಮ್ಮಿ ತಲೆ ಕೊಡವಿದಾಗ ರಕ್ತ ಬೆರೆತ ಕಫ ಪಂಜರಕ್ಕೆ, ಗೋಡೆಗೆ ಸಿಡಿದಿರುತ್ತದೆ. ಇದಕ್ಕೆ ಸೌಮ್ಯ ಮಾಡಿದ ಜೀವಂತ ವೈರಸ್ಸನ್ನೇ ಲಸಿಕೆಯಾಗಿ ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಎಸ್‌ಎ2, ಎ20 ಅನ್ನುವ ಅಲ್ಲಿನದೇ ಎರಡು ಲಸಿಕೆಗಳಿದ್ದವು. 2006ರಲ್ಲಿ ಯುರೋಪಿನಿಂದ ಸರ್ವಾ ಅನ್ನುವ ಇನ್ನೊಂದು ತಳಿಯ ಲಸಿಕೆ ಬಂತು. ಅದೂ ಪರೀಕ್ಷೆಯಾದದ್ದೇ, ಬೇರೆ ಕಡೆ ಬಳಕೆಯಲ್ಲಿದ್ದದ್ದೇ. ಎರಡು ಮೂರು ವರ್ಷದೊಳಗೆ ಅಲ್ಲಿ ಹಿಂದೆ ಕಾಣದ ಎರಡು ಹೊಸ ಬಗೆಯ ಐಎಲ್‌ಟಿ ವೈರಸ್‌ಗಳು ಕಾಣಿಸಿಕೊಂಡು ಕೋಳಿಗಳನ್ನು ಕೊಲ್ಲತೊಡಗಿದವು. ಕ್ಲಾಸ್ 8, ಕ್ಲಾಸ್ 9 ಅಂತ ಹೆಸರಿಟ್ಟರು.

ಎಲ್ಲಿಂದ ಬಂದವು? ಮೆಲ್ಬರ್ನ್ ವಿಶ್ವವಿದ್ಯಾಲಯದ ಜೋಆನ್ ಡೆವ್ಲಿನ್, ಗ್ಲೆನ್ ಬ್ರೌನಿಂಗ್ ಮತ್ತವರ ತಂಡ ಪೂರ್ತಿ ಡಿಎನ್‌ಎ ಓದಿ 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು. ಹೊಸ ವೈರಸ್‌ಗಳಲ್ಲಿ ಇದ್ದದ್ದು ಸರ್ವಾ ಲಸಿಕೆಯ ತುಂಡುಗಳು ಮತ್ತು ಸ್ಥಳೀಯ ಲಸಿಕೆಯ ತುಂಡುಗಳು. ರೋಗ ತಡೆಯಲು ಕೊಟ್ಟ ಲಸಿಕೆಗಳೇ ಕೂಡಿ ರೋಗದ ವೈರಸ್ ಹುಟ್ಟಿತ್ತು. ಎರಡು ಲಸಿಕೆಯೂ ಒಂದೇ ಹಕ್ಕಿಯ ಒಂದೇ ಕೋಶದಲ್ಲಿ ಎಲ್ಲೋ ಒಮ್ಮೆ ಸಂಧಿಸಿರಲೇಬೇಕು. ಲಕ್ಷಾಂತರ ಕೋಳಿಗಳಿರುವ ಉದ್ಯಮದಲ್ಲಿ 'ಎಲ್ಲೋ ಒಮ್ಮೆ' ಅನ್ನುವುದು ಕಷ್ಟದ ಮಾತಲ್ಲ.

ನನ್ನ ತಕರಾರು ಆ ಲಸಿಕೆಗಳ ಮೇಲಲ್ಲ. ಒಂದೊಂದೂ ತನ್ನ ಪಾಡಿಗೆ ಸುರಕ್ಷಿತವೇ. ತಕರಾರು ಪರೀಕ್ಷೆಯ ಕ್ರಮದ ಮೇಲೆ. ವೈರಸ್ಸನ್ನು ಒಂಟಿಯಾಗಿ ಕೂರಿಸಿ ಪ್ರಶ್ನೆ ಕೇಳಿ, ಒಳ್ಳೆಯ ನಡತೆಯ ಸರ್ಟಿಫಿಕೇಟ್ ಕೊಟ್ಟುಬಿಡುತ್ತೇವೆ. ಅಲ್ಲಿ ಮೊದಲೇ ಯಾರಿದ್ದಾರೆ, ಅವರಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವುದಿಲ್ಲ. 1986ರ ಇಲಿಗಳು ಹೇಳಿದ್ದು ಅದನ್ನೇ. ಜೀವಂತ ಲಸಿಕೆ ಅಂದರೆ ಬೀಗ ಹಾಕಿಟ್ಟ ಔಷಧಿಯಲ್ಲ, ಅದಕ್ಕೂ ನೆಂಟರಿದ್ದಾರೆ.

ಲಸಿಕೆ ಅಂದರೇ ಅಪಾಯ ಅಂತ ಯಾರಾದರೂ ಇದನ್ನು ತಿರುಚಿ ವಾಟ್ಸಾಪಿಗೆ ಹಾಕುವ ಮೊದಲು ಇನ್ನೊಂದು ಕೋಳಿ ಕಥೆ ಹೇಳಿಬಿಡುತ್ತೇನೆ. ಇಲ್ಲಿ ನೆಂಟಸ್ತಿಕೆಯೇ ಉಪಕಾರ ಮಾಡಿದೆ.

ಹೊಸಪೇಟೆ ಕಡೆ ನಮ್ಮ ಭಾವನದ್ದು ಲೇಯರ್ ಫಾರ್ಮ್, ಅಂದರೆ ಮೊಟ್ಟೆ ಕೋಳಿಗಳದ್ದು. ಮರಿ ತರುವ ಹ್ಯಾಚರಿಗೆ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ದ್ರವ ಸಾರಜನಕದ ಕ್ಯಾನಿನಿಂದ ಹೊಗೆಯಾಡುವ ಗಾಜಿನ ಆಂಪ್ಯೂಲ್ ಎತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅಲ್ಲಾಡಿಸಿ, ಕರಗಿದ ತಕ್ಷಣ ಡೈಲ್ಯುಯೆಂಟ್, ಅಂದರೆ ಲಸಿಕೆ ಬೆರೆಸುವ ದ್ರವದ ಚೀಲಕ್ಕೆ ಸೇರಿಸುತ್ತಾರೆ. ಆಮೇಲೆ ಹೊತ್ತು ಹಾಕುವಂತಿಲ್ಲ. ಒಂದು ದಿನದ ಮರಿಯ ಕತ್ತಿನ ಹಿಂದಿನ ಚರ್ಮ ಎತ್ತಿ ಚುಚ್ಚುವುದು, ಪಕ್ಕದ ಟ್ರೇಗೆ ಬಿಡುವುದು. ಕೈ ನಿಲ್ಲುವುದೇ ಇಲ್ಲ. ಇದು ಮಾರೆಕ್ಸ್ ರೋಗದ ಲಸಿಕೆ. ಮಾರೆಕ್ಸ್ ಕೂಡ ಹರ್ಪಿಸ್ಸೇ. ಕೋಳಿಗೆ ಕಾಲು ಸೋಲುತ್ತದೆ, ಮೈಯೊಳಗೆ ಗಡ್ಡೆಗಳು ಬೆಳೆಯುತ್ತವೆ. ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಮೊದಲು ವಿವರಿಸಿದ್ದರಿಂದ ಆ ಹೆಸರು. ಲಸಿಕೆಯಲ್ಲಿ ಇರುವುದು ಮಾತ್ರ ಕೋಳಿಯ ವೈರಸ್ ಅಲ್ಲ, ಟರ್ಕಿ ಕೋಳಿಯ ಒಂದು ನಿರುಪದ್ರವಿ ಹರ್ಪಿಸ್. ಎಚ್‌ವಿಟಿ ಅನ್ನುತ್ತಾರೆ. 1970ರ ಸುಮಾರಿಗೆ ಬಳಕೆಗೆ ಬಂತು. ಕ್ಯಾನ್ಸರ್ ತಡೆಯುವ ಲಸಿಕೆಗಳಲ್ಲಿ ಇದೇ ಮೊದಲ ಸಾಲಿನದು. ಇದು ಮಾರೆಕ್ಸ್ ವೈರಸ್ಸನ್ನು ಪೂರ್ತಿ ಹೊರಗೆ ಇಡುವುದಿಲ್ಲ. ಅದೂ ಬರುತ್ತದೆ, ಇದೂ ಇರುತ್ತದೆ, ಒಂದೇ ಹಕ್ಕಿಯಲ್ಲಿ ಎರಡೂ ಬಾಳುತ್ತವೆ. ಗಡ್ಡೆ ಮಾತ್ರ ಏಳುವುದಿಲ್ಲ. ಇದಕ್ಕೆ ಕೋಳಿಯದೇ ಇನ್ನೊಂದು ಸಾಧು ಹರ್ಪಿಸ್ ಸೇರಿಸಿಕೊಟ್ಟರೆ ರಕ್ಷಣೆ ಇನ್ನೂ ಜಾಸ್ತಿ.

ಈಗೀಗ ಎಚ್‌ವಿಟಿಯೊಳಗೆ ಗಂಬೊರೊ, ಕೊಕ್ಕರೆ ರೋಗದಂಥ ಕೋಳಿಗಳ ಬೇರೆ ರೋಗಗಳ ವೈರಸ್ಸಿನ ಜೀನ್ ಸೇರಿಸಿ ಒಂದೇ ಚುಚ್ಚಿಗೆ ಎರಡು ರೋಗದ ರಕ್ಷಣೆ ಕೊಡುವ ಲಸಿಕೆಗಳೂ ಬಂದಿವೆ. ಹಾಗಾದರೆ ಅಂಥವು ಎರಡನ್ನು ಕೂಡಿಸಿ ಕೊಟ್ಟರೆ ಮೂರು ರೋಗಕ್ಕೆ ಆಗುತ್ತದಲ್ಲ ಭಾವ ಅಂತ ಕೇಳಿದೆ. "ಎರಡು ಎಚ್‌ವಿಟಿ ಕೂಡಿಸಿ ಹಾಕಬ್ಯಾಡ್ರಿ ಅಂತಾರ ಡಾಕ್ಟ್ರು. ಒಂದು ಇನ್ನೊಂದನ್ನ ಏಳಾಕ ಬಿಡಂಗಿಲ್ಲಂತ" ಅಂದರು. ಲ್ಯಾಬಿನಲ್ಲಿ ನಾವು ಕೆಂಪು ಹಸಿರು ಅಂತ ನೋಡಿದ್ದಕ್ಕಿಂತ ಇದು ದೂರದ ಮಾತೇನಲ್ಲ.

ನಮ್ಮ ಸ್ವಂತ ಚರಿತ್ರೆಯಲ್ಲೂ ಇಂಥ ಬೆರಕೆಯ ಗುರುತಿದೆ. ಎಚ್‌ಎಸ್‌ವಿ-1 ಸಾಮಾನ್ಯವಾಗಿ ಬಾಯಿಗೆ, ಎಚ್‌ಎಸ್‌ವಿ-2 ಜನನಾಂಗಕ್ಕೆ. ಮೊದಲನೆಯದು ನಮ್ಮ ಪೂರ್ವಜರ ಜೊತೆಗೇ ನಡೆದು ಬಂದದ್ದು, ಚಿಂಪಾಂಜಿಗಳ ದಾರಿ ನಮ್ಮ ದಾರಿ ಬೇರೆಯಾದಾಗಿನಿಂದ. ಎರಡನೆಯದು ಚಿಂಪಾಂಜಿಗಳ ಪೂರ್ವಜರಿಂದ ಸುಮಾರು 16 ಲಕ್ಷ ವರ್ಷದ ಹಿಂದೆ ನಮ್ಮ ಪೂರ್ವಜರಿಗೆ ದಾಟಿದ್ದು ಅಂತ 2014ರಲ್ಲಿ ಪ್ರಕಟವಾದ ಲೆಕ್ಕಾಚಾರ ಹೇಳುತ್ತದೆ. ಹೀಗೆ ದಾಯಾದಿಗಳು ಒಂದೇ ಮೈಯಲ್ಲಿ ಮತ್ತೆ ಸೇರಿದರು. ಇವತ್ತು ಜಗತ್ತಿನಲ್ಲಿ ಹರಡಿರುವ ಹೆಚ್ಚಿನ ಎಚ್‌ಎಸ್‌ವಿ-2 ತಳಿಗಳಲ್ಲಿ ಎಚ್‌ಎಸ್‌ವಿ-1ರ ಡಿಎನ್‌ಎ ತುಂಡುಗಳು ಸೇರಿಕೊಂಡಿವೆ ಅಂತ 2017ರಲ್ಲಿ ಗೊತ್ತಾಯಿತು. ಹಳೆಯ ಕಾಲಕ್ಕೇ ಮುಗಿದ ವ್ಯವಹಾರವೂ ಅಲ್ಲ. ಇತ್ತೀಚೆಗೆ ನಡೆದ ಅದಲು ಬದಲುಗಳೂ ರೋಗಿಗಳ ಮಾದರಿಗಳಲ್ಲಿ ಸಿಕ್ಕಿವೆ.

ದೂರದ ಸಂಬಂಧಿಗಳ ಕಥೆ ಬೇರೆ. ಡಿಎನ್‌ಎ ಅಷ್ಟು ಹೋಲುವುದಿಲ್ಲ, ಹಾಗಾಗಿ ತುಂಡು ಬದಲಿಸುವ ಪ್ರಶ್ನೆ ಏಳುವುದು ಕಷ್ಟ. ಆದರೆ ಬೇರೆ ರೀತಿಯ ಕೊಡುಕೊಳ್ಳುವಿಕೆ ಇದೆ. ಎಪ್‌ಸ್ಟೀನ್-ಬಾರ್ ಮತ್ತು ಕೆಎಸ್‌ಎಚ್‌ವಿ ಅನ್ನುವ ಮನುಷ್ಯರ ಇನ್ನೊಂದು ಹರ್ಪಿಸ್, ಈ ಜೋಡಿಯನ್ನು ನೋಡಿ. ಮೊದಲನೆಯದು 1964ರಲ್ಲಿ, ಉಗಾಂಡದ ಮಕ್ಕಳಿಂದ ತೆಗೆದು ಲಂಡನ್ನಿಗೆ ಕಳಿಸಿದ ಗಡ್ಡೆಯ ಕೋಶಗಳಲ್ಲಿ ಸಿಕ್ಕಿತು. ಎರಡನೆಯದನ್ನು 1994ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಏಡ್ಸ್ ರೋಗಿಗಳ ಕಪೋಸಿ ಅನ್ನುವ ಕ್ಯಾನ್ಸರ್ ಗಡ್ಡೆಯಲ್ಲಿ ಕಂಡುಹಿಡಿದರು. ಎದೆ, ಹೊಟ್ಟೆಯ ಪೊರೆಗಳ ನಡುವೆ ನೀರು ತುಂಬಿಸುವ ಒಂದು ಅಪರೂಪದ ರಕ್ತದ ಕ್ಯಾನ್ಸರ್ ಇದೆ. ಹೆಚ್ಚಾಗಿ ಎಚ್‌ಐವಿ ಇರುವವರಿಗೆ ಬರುತ್ತದೆ. ಅದರ ಕೋಶಗಳಲ್ಲಿ ಕೆಎಸ್‌ಎಚ್‌ವಿ ಇದ್ದೇ ಇರುತ್ತದೆ. ಬಹುಪಾಲು ರೋಗಿಗಳಲ್ಲಿ ಅದೇ ಕೋಶದೊಳಗೆ ಎಪ್‌ಸ್ಟೀನ್-ಬಾರ್ ಕೂಡ ಇರುತ್ತದೆ.

ಯಾಕೆ ಜೊತೆ? ಕೆಎಸ್‌ಎಚ್‌ವಿ ಒಂದನ್ನೇ ಬಿ ಕೋಶ ಅನ್ನುವ ಬಿಳಿ ರಕ್ತಕಣಕ್ಕೆ ಹಾಕಿದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಕೋಶ ಒಡೆದು ಎರಡಾಗುವಾಗಲೆಲ್ಲ ವೈರಸ್ ಡಿಎನ್‌ಎ ಉದುರಿ ಹೋಗುತ್ತಾ ಬರುತ್ತದೆ. ಎಪ್‌ಸ್ಟೀನ್-ಬಾರ್ ಜೊತೆಗಿದ್ದರೆ ಉಳಿಯುವುದು ಸುಲಭ. ಮನುಷ್ಯರ ರಕ್ತಕೋಶ ಬೆಳೆಸಿದ ಇಲಿಗಳಿಗೆ ಎರಡನ್ನೂ ಕೊಟ್ಟು ಜ್ಯೂರಿಕ್ ವಿಜ್ಞಾನಿಗಳು 2017ರಲ್ಲಿ ನೋಡಿದಾಗ ಗಡ್ಡೆಗಳು ಜಾಸ್ತಿಯಾದವು. ಕೆಎಸ್‌ಎಚ್‌ವಿ ಇದ್ದಾಗ ಎಪ್‌ಸ್ಟೀನ್-ಬಾರ್ ಕೂಡ ಹೆಚ್ಚು ಚುರುಕಾಗಿತ್ತು. ಇಷ್ಟು ಕೇಳಿದರೆ ಅನ್ಯೋನ್ಯ ಅನ್ನಿಸುತ್ತದೆ. ಆದರೆ ಮಲಗಿದ ವೈರಸ್ ಎದ್ದು ಮರಿ ಮಾಡಲು ಒತ್ತುವ ಮೊದಲ ಸ್ವಿಚ್ ಎರಡರಲ್ಲೂ ಒಂದೊಂದಿದೆ. ಆ ಎರಡು ಸ್ವಿಚ್ ಪ್ರೊಟೀನ್‌ಗಳು ಪರಸ್ಪರ ಅಡ್ಡಗಾಲು ಹಾಕುತ್ತವೆ ಅಂತ 2008ರಲ್ಲೇ ತೋರಿಸಿದ್ದರು. ಇರುವುದಕ್ಕೆ ಸಹಾಯ, ಹೊರಡುವುದಕ್ಕೆ ಅಡ್ಡಿ. ಇಂಥ ಸಂಬಂಧಕ್ಕೆ ಸ್ನೇಹ, ದ್ವೇಷ ಅಂತ ಒಂದೇ ಹೆಸರು ಕೊಡುವ ಆಸೆ ನನಗಂತೂ ಹೋಗಿದೆ.

ಮತ್ತೆ ಆ ಮುಖದ ನರಗಂಟಿನ ಜೋಡಿ, ಎಚ್‌ಎಸ್‌ವಿ-1 ಮತ್ತು ವ್ಯಾರಿಸೆಲ್ಲಾ. ಇವುಗಳ ನಡುವೆ ಏನು ನಡೆಯುತ್ತದೆ ಅನ್ನುವುದಕ್ಕೆ 2022ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಿಂದ ಒಂದು ಸುಳಿವು ಬಂತು. ಮನುಷ್ಯರ ನರ ಕಾಂಡಕೋಶಗಳಿಂದ ಲ್ಯಾಬಿನಲ್ಲಿ ಮಿದುಳಿನಂಥ ಅಂಗಾಂಶ ಬೆಳೆಸಿದ್ದರು. ಅದರಲ್ಲಿ ಎಚ್‌ಎಸ್‌ವಿ-1 ಮಲಗಿತ್ತು. ವ್ಯಾರಿಸೆಲ್ಲಾ ಸೋಂಕು ತಗುಲಿಸಿದಾಗ ಎಚ್‌ಎಸ್‌ವಿ-1 ಎದ್ದಿತು. ಅಲ್‌ಜೈಮರ್ ಕಾಯಿಲೆಯಲ್ಲಿ ಕಾಣುವಂಥ ಪ್ರೊಟೀನ್ ಗಂಟುಗಳು ಕಟ್ಟಿಕೊಂಡವು. ವ್ಯಾರಿಸೆಲ್ಲಾ ಒಂದೇ ಇದ್ದಾಗ ಹಾಗಾಗಿರಲಿಲ್ಲ. ಇನ್ನೊಂದು ಕಡೆ ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರಿನಿಂದ ಸರ್ಪಸುತ್ತಿನ ಲಸಿಕೆ ಕೊಡಲು ಶುರು ಮಾಡಿದಾಗ ಹುಟ್ಟಿದ ದಿನಾಂಕಕ್ಕೆ ಗೆರೆ ಎಳೆದಿದ್ದರು. 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಉಂಟು, ಒಂದು ವಾರ ಮೊದಲು ಹುಟ್ಟಿದವರಿಗೆ ಇಲ್ಲ. ಗೆರೆಯ ಆಚೆ ಈಚೆಯವರನ್ನು ಏಳು ವರ್ಷ ಹೋಲಿಸಿದಾಗ, ಲಸಿಕೆ ಪಡೆದವರಲ್ಲಿ ಮರೆಗುಳಿ ಕಾಯಿಲೆ ಸುಮಾರು ಐದರಲ್ಲಿ ಒಂದು ಭಾಗ ಕಡಿಮೆ ಅಂತ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಈ ಎರಡು ಸುದ್ದಿಯನ್ನು ಗಂಟು ಹಾಕಲು ಕೈ ತುರಿಸುತ್ತದೆ. ನಾನು ಹಾಕುವುದಿಲ್ಲ. ಒಂದು ಲ್ಯಾಬಿನ ಅಂಗಾಂಶ, ಇನ್ನೊಂದು ಇಡೀ ದೇಶದ ದಾಖಲೆ. ನಡುವೆ ಹಾಕಬೇಕಾದ ಹೆಜ್ಜೆ ತುಂಬಾ ಇವೆ.

ಸರ್ಪಸುತ್ತಿಗೆ ನಮ್ಮಲ್ಲಿ ಇನ್ನೂ ಕೆಮ್ಮಣ್ಣು ಹಚ್ಚುವವರಿದ್ದಾರೆ. ತಲೆ ಬಾಲ ಕೂಡಿದರೆ ಕಷ್ಟ ಅಂತ ಹೆದರುವವರೂ ಇದ್ದಾರೆ. ಅದು ಒಂದೇ ನರದ ದಾರಿ ಹಿಡಿದು ಏಳುವುದರಿಂದ ಸಾಮಾನ್ಯವಾಗಿ ಮೈಯ ಒಂದು ಪಕ್ಕಕ್ಕೇ ನಿಲ್ಲುತ್ತದೆ, ಸುತ್ತು ಪೂರ್ತಿಯಾಗುವುದಿಲ್ಲ. ವೇಲ್ಸ್‌ನಲ್ಲಿ ಆಗ ಕೊಟ್ಟದ್ದು ಸೌಮ್ಯ ಮಾಡಿದ ಜೀವಂತ ವೈರಸ್. 2023ರಿಂದ ಭಾರತದಲ್ಲಿ ಸಿಗುತ್ತಿರುವ ಶಿಂಗ್ರಿಕ್ಸ್ ಲಸಿಕೆ ಬೇರೆ ಜಾತಿಯದು. ಅದರಲ್ಲಿ ವೈರಸ್ ಇಲ್ಲ, ಹೊರಮೈಯ ಒಂದು ಪ್ರೊಟೀನ್ ಮಾತ್ರ ಇದೆ. ಡಿಎನ್‌ಎ ಇಲ್ಲದ ಮೇಲೆ ಯಾರ ಜೊತೆಗೂ ತುಂಡು ಬದಲಿಸುವ ಮಾತಿಲ್ಲ. 50 ದಾಟಿದವರಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ಬೆಲೆ ಮಾತ್ರ ಕೈ ಸುಡುತ್ತದೆ. ಅಮ್ಮನಿಗೆ ಹಾಕಿಸೋಣ ಅಂತ ಇದೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, "ಕೈ ನೋಯತ್ತಾ?" ಅಂದರು. ನೋಯುತ್ತೆ, ಒಂದೆರಡು ದಿನ, ಸ್ವಲ್ಪ ಜ್ವರವೂ ಬರಬಹುದು ಅಂದೆ. "ಹಾಗಾದ್ರೆ ಹಬ್ಬ ಮುಗೀಲಿ" ಅಂದಿದ್ದಾರೆ.